ಬಾಗಿಲ ಪಟ್ಟಿಗೆ ಮರದ ಮೂಲೆ ಬ್ಲಾಕ್: ಮನೆಯಲ್ಲೇ ಮಾಡಿಕೊಳ್ಳುವ ಕ್ರಮ

ಬಾಗಿಲ ಚೌಕಟ್ಟಿನ ಸುತ್ತ ಬಡಿಯುವ ಆರ್ಕಿಟ್ರೇವ್ ಪಟ್ಟಿಗಳಲ್ಲಿ ಕೈಕೊಡುವುದು ಮೇಲಿನ ಎರಡು ಮೂಲೆಗಳೇ. 45 ಡಿಗ್ರಿಗೆ ಕೊಯ್ದು ಕೂಡಿಸಿದ ಪಟ್ಟಿ ಹೊಸತರಲ್ಲಿ ಬಿಗಿಯಾಗಿಯೇ ಕೂತಿರುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಒಳಮೂಲೆಯಲ್ಲಿ ಸಂದು ಬಿಡುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಅಗಲಕ್ಕೆ. 75 ಮಿ.ಮೀ. ಅಗಲದ ತೇಗದ ಪಟ್ಟಿ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಅರ್ಧ ಮಿ.ಮೀ. ಹತ್ತಿರ ಕಿರಿದಾಗಬಹುದು. ಅಗಲ ಕಡಿಮೆಯಾಗಿ ಉದ್ದ ಹಾಗೇ ಉಳಿದರೆ 45 ಡಿಗ್ರಿಯ ಕೊಯ್ತ 45 ಆಗಿ ಉಳಿಯುವುದಿಲ್ಲ. ಹೊರತುದಿ ತಾಗಿಕೊಂಡೇ ಇದ್ದು ಒಳಗಡೆ ಬಾಯಿ ಬಿಡುತ್ತದೆ. ಅದಕ್ಕೆ ಎಷ್ಟು ಪುಟ್ಟಿ ತುಂಬಿದರೂ ಮುಂದಿನ ವರ್ಷ ಮತ್ತೆ ಅದೇ ಕಥೆ.

ಮೂಲೆಯಲ್ಲಿ ಚೌಕಾಕಾರದ ಬ್ಲಾಕ್ ಕೂರಿಸಿ, ಎರಡೂ ಪಟ್ಟಿಗಳನ್ನು ನೇರ 90 ಡಿಗ್ರಿಗೆ ಕೊಯ್ದು ಅದಕ್ಕೆ ತಾಗಿಸಿದರೆ ಈ ತೊಂದರೆ ಬರುವುದಿಲ್ಲ. ಪಟ್ಟಿ ಅಗಲಕ್ಕೆ ಕುಗ್ಗಿದರೂ ಅದರ ಕೊಯ್ದ ತುದಿ ಬ್ಲಾಕಿಗೆ ತಾಗಿಕೊಂಡೇ ಇರುತ್ತದೆ. 19ನೇ ಶತಮಾನದ ಕೊನೆಯ ಅಮೆರಿಕದ ಮನೆಗಳಲ್ಲಿ ವೃತ್ತದೊಳಗೆ ವೃತ್ತವಿರುವ ಇಂಥ ಬ್ಲಾಕುಗಳು ಎಲ್ಲೆಲ್ಲೂ ಕಾಣುತ್ತವೆ. ಕಾರ್ಖಾನೆಯಲ್ಲಿ ಯಂತ್ರದಿಂದ ಕಡೆದು ರಾಶಿಗಟ್ಟಲೆ ತಯಾರಿಸುತ್ತಿದ್ದರು. ನಮ್ಮ ಹಳೆಯ ಬಾಗಿಲವಾಡಗಳಲ್ಲೂ ಮೂಲೆಗೊಂದು ಪದ್ಮ ಕೆತ್ತಿರುವುದುಂಟು. ಆದರೆ ಅದು ವಾಡದ ಮರದಲ್ಲೇ ಮೂಡಿಸಿದ ಕೆತ್ತನೆ, ಬೇರೆ ತುಂಡಲ್ಲ. ಇಲ್ಲಿ ಎರಡೂ ಬಗೆಯ ಅಲಂಕಾರವನ್ನು ಬೇರೆ ತುಂಡಿನ ಮೇಲೆ ಮಾಡುವ ಕ್ರಮವಿದೆ: ಡ್ರಿಲ್ಲಿನಿಂದ ವೃತ್ತದ ಬ್ಲಾಕ್, ಉಳಿಯಿಂದ ಎಂಟೆಸಳಿನ ಹೂವಿನ ಬ್ಲಾಕ್.

ಒಂದು ಮಾತು ಮೊದಲೇ ತಿಳಿದಿರಲಿ. ಬ್ಲಾಕಿನ ಅಂದ ಹೂವಿನಿಂದ ಬರುವುದಕ್ಕಿಂತ ಹೆಚ್ಚಾಗಿ ಅಳತೆಯಿಂದ ಬರುತ್ತದೆ. ಎಲ್ಲ ಬ್ಲಾಕುಗಳೂ ಒಂದೇ ಅಳತೆ, ಮೂಲೆ ಸರಿಯಾಗಿ 90 ಡಿಗ್ರಿ, ಬೆನ್ನು ಚಪ್ಪಟೆ, ವಿನ್ಯಾಸ ನಟ್ಟ ನಡುವೆ. ಇಷ್ಟಿದ್ದರೆ ಏನೂ ಕೆತ್ತದ ಬ್ಲಾಕ್ ಕೂಡ ಲಕ್ಷಣವಾಗಿ ಕಾಣುತ್ತದೆ.

ಅಳತೆ

ಬ್ಲಾಕ್ ಪಟ್ಟಿಗಿಂತ ಅಗಲವಾಗಿಯೂ ದಪ್ಪವಾಗಿಯೂ ಇರಬೇಕು. 75 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ ಪಟ್ಟಿಗೆ 82 ಮಿ.ಮೀ. ಚೌಕದ, 25 ಮಿ.ಮೀ. ದಪ್ಪದ ಬ್ಲಾಕ್ ಸರಿಹೋಗುತ್ತದೆ. ಅಕ್ಕಪಕ್ಕ ಮೂರೂವರೆ ಮಿ.ಮೀ., ಮುಂದಕ್ಕೆ 7 ಮಿ.ಮೀ. ಹೆಚ್ಚು. ಎರಡೂ ಒಂದೇ ದಪ್ಪವಾದರೆ ಗೋಡೆಯ ಗಾರೆಯ ಸಣ್ಣ ಏರುಪೇರೂ ಸಂದಿನಲ್ಲಿ ಎದ್ದು ಕಾಣುತ್ತದೆ. ಬ್ಲಾಕ್ ಮುಂದೆ ಚಾಚಿದ್ದರೆ ಅದರ ನೆರಳೇ ಅದನ್ನು ಮುಚ್ಚುತ್ತದೆ. ನಿಮ್ಮ ಪಟ್ಟಿ ಬೇರೆ ಅಳತೆಯದಾದರೆ ಅಗಲಕ್ಕೆ 6ರಿಂದ 8, ದಪ್ಪಕ್ಕೆ 5ರಿಂದ 7 ಮಿ.ಮೀ. ಸೇರಿಸಿಕೊಳ್ಳಿ.

ಬಾಗಿಲಿಗೆ ಮೇಲಿನ ಎರಡು ಬ್ಲಾಕ್, ಸುತ್ತಲೂ ಪಟ್ಟಿ ಇರುವ ಕಿಟಕಿಗೆ ನಾಲ್ಕು. ಒಂದು ಬಾಗಿಲು, ಒಂದು ಕಿಟಕಿಗೆ ಆರು ಬೇಕು, ಎಂಟು ಮಾಡಿ. ಕೊರೆಯುವಾಗ ಒಂದು ಕಿತ್ತುಹೋಗುವುದು, ಪಾಲಿಶ್ ಆದಮೇಲೆ ಒಂದರ ಬಣ್ಣ ಹೊಂದದಿರುವುದು ಮಾಮೂಲು.

ಮರ

ತೇಗ ಎಲ್ಲರೂ ಬಯಸುವ ಮರ, ಅಲ್ಲಾಡುವುದೂ ಕಡಿಮೆ. ಆದರೆ ಅದರೊಳಗಿನ ಸಿಲಿಕಾ ಅಂಶ ಡ್ರಿಲ್ಲಿಗೆ ಹಾಕುವ ಬಿಟ್ಟಿನ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಉಳಿ ಹಿಡಿದು ಹೂ ಕೆತ್ತುವವರಿಗೆ ನಮ್ಮ ಸಲಹೆ ಶಿವನೆ ಮರ. ಮೆದು, ಎಳೆ ಸಮ, ಒಣಗಿದ ಮೇಲೆ ಸೊಟ್ಟಗಾಗುವುದು ಅಪರೂಪ. ಪಟ್ಟಿ ತೇಗದ್ದೇ ಆಗಿದ್ದು ಬಣ್ಣ ಹೊಂದಲೇಬೇಕಿದ್ದರೆ ಬ್ಲಾಕೂ ತೇಗದ್ದೇ ಆಗಲಿ. ಹಲಸು ಗಟ್ಟಿ ಮರ, ಆದರೆ ಹಳದಿ ಬಣ್ಣ ದಿನ ಕಳೆದಂತೆ ಕಂದಾಗುತ್ತದೆ. ಪೇಂಟ್ ಬಳಿಯುವ ಉದ್ದೇಶವಿದ್ದರೆ ಪೈನ್ ಸಾಕು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಡ್ರಿಲ್ಲಿಗೆ ಚೆನ್ನಾಗಿ ಬಗ್ಗುತ್ತದೆ, ಉಳಿಗೆ ಬಗ್ಗುವುದಿಲ್ಲ. ಒಳಗೆ ಎಳೆಯೇ ಇಲ್ಲದ್ದರಿಂದ ಪದರ ಪದರವಾಗಿ ಎದ್ದುಬರುತ್ತದೆ.

ಒಂದಿಂಚಿನ ಹಲಗೆ ಕೊಂಡರೆ ಉಜ್ಜುಗೊರಡು ಹಾಕಿದ ಮೇಲೆ 20–22 ಮಿ.ಮೀ. ಮಾತ್ರ ಉಳಿಯುತ್ತದೆ. ಆದ್ದರಿಂದ 4 ಇಂಚು ಅಗಲ, ಒಂದೂಕಾಲು ಇಂಚು ದಪ್ಪ, 3 ಅಡಿ ಉದ್ದದ ತುಂಡು ಕೇಳಿ. ಇದು ಸುಮಾರು 0.1 ಘನ ಅಡಿ. ಇಷ್ಟು ಸಣ್ಣ ಲೆಕ್ಕಕ್ಕೆ ಟಿಂಬರ್ ಡಿಪೋದಲ್ಲಿ ಹೊಸ ಹಲಗೆ ಕೊಯ್ದುಕೊಡುವುದು ಕಷ್ಟ. ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಉಳಿದ ತುಂಡು ವಿಚಾರಿಸಿದರೆ ಸಿಗುತ್ತದೆ, ಅದು ಒಣಗಿಯೂ ಇರುತ್ತದೆ.

ಒಣಗಿದೆಯೇ ಎಂದು ನೋಡಲು ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತುಂಡನ್ನು ತೂಗಿ ತೂಕವನ್ನು ಮರದ ಮೇಲೆಯೇ ಪೆನ್ಸಿಲಿನಲ್ಲಿ ಬರೆದು, ಬ್ಲಾಕ್ ಕೂರಬೇಕಾದ ಕೋಣೆಯಲ್ಲೇ ಇಡಿ. ವಾರಕ್ಕೊಮ್ಮೆ ತೂಗಿ. ಇಳಿಯುತ್ತಾ ಹೋದರೆ ಇನ್ನೂ ಹಸಿ, ನಿಂತರೆ ಹದ. ಹಸಿ ಮರದಲ್ಲಿ ಕೊರೆದ ವೃತ್ತ ಒಣಗಿದ ಮೇಲೆ ವೃತ್ತವಾಗಿ ಉಳಿಯುವುದಿಲ್ಲ, ಎಳೆಗೆ ಅಡ್ಡಲಾಗಿ ಕುಗ್ಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ವೃತ್ತದ ನಡುವೆ ಕೂರಿಸುವ ಮರದ ಗುಂಡಿ (ಬಟನ್) ಕೂರುವುದಿಲ್ಲ.

ಪಟ್ಟಿಯಾಗಿಯೇ ಕೊರೆಯಿರಿ, ಕೊನೆಗೆ ಕತ್ತರಿಸಿ

ಮೊದಲೇ ಚೌಕ ಚೌಕವಾಗಿ ಕತ್ತರಿಸಿಕೊಂಡು ಆಮೇಲೆ ಒಂದೊಂದನ್ನೇ ಕೊರೆಯಲು ಹೋಗಬೇಡಿ. 82 ಮಿ.ಮೀ. ತುಂಡನ್ನು ಡ್ರಿಲ್ಲಿನ ಕೆಳಗೆ ಕೈಯಲ್ಲಿ ಹಿಡಿದರೆ ಬಿಟ್ ಕಚ್ಚಿಕೊಂಡ ಕೂಡಲೇ ಗಿರ್ರನೆ ತಿರುಗಿ ಬೆರಳಿಗೆ ಬಡಿಯುತ್ತದೆ. ಉದ್ದದ ತುಂಡಾದರೆ ಕ್ಲ್ಯಾಂಪ್ ಹಾಕಲು ಜಾಗವಿರುತ್ತದೆ, ಎಲ್ಲವೂ ಒಂದೇ ಸಾಲಿನಲ್ಲೂ ಬರುತ್ತವೆ.

ತುಂಡನ್ನು 25 ಮಿ.ಮೀ. ದಪ್ಪ, 82 ಮಿ.ಮೀ. ಅಗಲಕ್ಕೆ ಕೀಸಿ. ಎರಡೂ ಅಂಚುಗಳನ್ನು ಮೂಲೆಮಟ್ಟ ಇಟ್ಟು ನೋಡಿ. ಒಂದು ಅಂಚಿಗೆ ಗುರುತು ಹಾಕಿಕೊಳ್ಳಿ, ಮುಂದಿನ ಅಳತೆಯೆಲ್ಲ ಆ ಅಂಚಿನಿಂದಲೇ. ಅಲ್ಲಿಂದ 41 ಮಿ.ಮೀ. ದೂರಕ್ಕೆ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ತುದಿಯಿಂದ 101 ಮಿ.ಮೀ. ದೂರಕ್ಕೆ ಮೊದಲ ಕೇಂದ್ರ, ಆಮೇಲೆ ಪ್ರತಿ 85 ಮಿ.ಮೀ.ಗೆ ಒಂದು. 82 ಬ್ಲಾಕಿಗೆ, ಉಳಿದ 3 ಗರಗಸದ ಬಾಯಿಗೆ. ಎಂಟನೆಯ ಕೇಂದ್ರ 696ಕ್ಕೆ ಬರುತ್ತದೆ. ಎರಡೂ ತುದಿಯಲ್ಲಿ 60 ಮಿ.ಮೀ. ಹಿಡಿತಕ್ಕೆ ಬಿಟ್ಟರೂ 800 ಮಿ.ಮೀ.ನಲ್ಲಿ ಕೆಲಸ ಮುಗಿಯುತ್ತದೆ. ಗಂಟು, ಬಿರುಕು ಇದ್ದ ಜಾಗ ಬಿಟ್ಟು ಮುಂದೆ ಹೋಗಲು 3 ಅಡಿಯಲ್ಲಿ ಒಂದು ಬ್ಲಾಕಿನಷ್ಟು ಜಾಗ ಮಿಕ್ಕಿರುತ್ತದೆ. ಪ್ರತಿ ಕೇಂದ್ರಕ್ಕೂ ದಬ್ಬಣದಿಂದ ಚುಕ್ಕೆ ಒತ್ತಿ.

ವೃತ್ತದ ಬ್ಲಾಕ್

ಬೇಕಾದ್ದು 50, 35, 20 ಮಿ.ಮೀ.ನ ಮೂರು ಫೋರ್ಸ್ಟ್‌ನರ್ ಬಿಟ್ (ತಳ ಚಪ್ಪಟೆಯಾದ ತೂತು ಕೊರೆಯುವ ಬಿಟ್). 35ರದ್ದು ಅಡುಗೆಮನೆ ಕಪಾಟಿನ ಹೈಡ್ರಾಲಿಕ್ ಹಿಂಜಿಗೆ ಬಳಸುವ ಬಿಟ್ಟೇ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇರುತ್ತದೆ. ತೇಗಕ್ಕೆ ಕಾರ್ಬೈಡ್ ಬಾಯಿಯದೇ ತೆಗೆದುಕೊಳ್ಳಿ. ಡ್ರಿಲ್ ಮಾತ್ರ ಮೇಜಿಗೆ ಬಿಗಿದ ಡ್ರಿಲ್ ಪ್ರೆಸ್ ಆಗಿರಬೇಕು. 50 ಮಿ.ಮೀ. ಬಿಟ್ಟನ್ನು ಕೈ ಡ್ರಿಲ್ಲಿಗೆ ಹಾಕಿದರೆ ಒಂದು ಬದಿ ಕಚ್ಚಿಕೊಂಡು ಮಣಿಕಟ್ಟನ್ನೇ ತಿರುಚುತ್ತದೆ, ತಳವೂ ಓರೆಯಾಗುತ್ತದೆ. ಡ್ರಿಲ್ ಪ್ರೆಸ್ ಇಲ್ಲದವರು ಗುರುತು ಹಾಕಿದ ತುಂಡನ್ನು ಹತ್ತಿರದ ಫರ್ನಿಚರ್ ಕಾರ್ಖಾನೆಗೆ ಒಯ್ದು ಕೊರೆಸಿಕೊಂಡು ಬರಬಹುದು, ಅಥವಾ ಮುಂದೆ ಹೇಳುವ ಹೂವಿನ ಬ್ಲಾಕ್ ಮಾಡಬಹುದು.

ಡ್ರಿಲ್ಲಿನ ಮೇಜಿಗೆ ನೇರ ಮರದ ತುಂಡೊಂದನ್ನು ಆನಿಕೆಯಾಗಿ ಬಿಗಿಯಿರಿ, ಬಿಟ್ಟಿನ ಮೊನೆಯಿಂದ ಸರಿಯಾಗಿ 41 ಮಿ.ಮೀ. ದೂರಕ್ಕೆ. ಗುರುತು ಹಾಕಿದ ಅಂಚು ಯಾವಾಗಲೂ ಆನಿಕೆಗೇ ತಾಗಬೇಕು. ಆಳದ ತಡೆಯನ್ನು ಮೊದಲು ರದ್ದಿ ತುಂಡಿನ ಮೇಲೆ ಸರಿಮಾಡಿಕೊಳ್ಳಿ.

ಕ್ರಮ ದೊಡ್ಡದರಿಂದ ಸಣ್ಣದಕ್ಕೆ. 50ರ ಬಿಟ್ಟಿನಲ್ಲಿ 3 ಮಿ.ಮೀ. ಆಳ, ಎಂಟಕ್ಕೂ. ಆಮೇಲೆ 35ರಲ್ಲಿ ಇನ್ನೂ 4, ಅಂದರೆ ಮುಖದಿಂದ 7. ಕೊನೆಗೆ 20ರಲ್ಲಿ ಇನ್ನೂ 6, ಮುಖದಿಂದ 13. ಕೆಳಗೆ 12 ಮಿ.ಮೀ. ಗಟ್ಟಿ ಮರ ಉಳಿಯುತ್ತದೆ. ಈ ಕ್ರಮ ತಿರುವುಮುರುವಾದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ದೊಡ್ಡ ಬಿಟ್ಟಿನ ಮೊನೆ ಬಿಟ್ಟ ಚುಕ್ಕೆಯಲ್ಲೇ ಸಣ್ಣ ಬಿಟ್ಟಿನ ಮೊನೆ ಕೂರುವುದರಿಂದ ಮೂರೂ ವೃತ್ತಗಳಿಗೆ ಒಂದೇ ಕೇಂದ್ರ. ಸಣ್ಣದನ್ನು ಮೊದಲು ಕೊರೆದರೆ ದೊಡ್ಡ ಬಿಟ್ಟಿನ ಮೊನೆಗೆ ಊರಲು ಮರವೇ ಇರುವುದಿಲ್ಲ, ಅದು ಅತ್ತಿತ್ತ ಅಲೆಯುತ್ತದೆ.

ವೇಗ 50ರ ಬಿಟ್ಟಿಗೆ ನಿಮಿಷಕ್ಕೆ 400–500 ಸುತ್ತು, 35ಕ್ಕೆ 700ರ ಆಸುಪಾಸು, 20ಕ್ಕೆ 1,200. ಹೊಗೆ ಬಂದರೆ, ತಳ ಕಪ್ಪಾದರೆ ವೇಗ ಹೆಚ್ಚಾಗಿದೆ ಅಥವಾ ಬಿಟ್ ಮೊಂಡಾಗಿದೆ. ಸುಟ್ಟ ಕಲೆ ಉಪ್ಪುಕಾಗದಕ್ಕೆ ಸುಲಭವಾಗಿ ಹೋಗುವುದಿಲ್ಲ. ತಳ ನುಣುಪಾಗಿ ಬರಲು ಆಳ ಮುಟ್ಟಿದ ಮೇಲೆ ಒತ್ತಡ ಬಿಟ್ಟು ಎರಡು ಕ್ಷಣ ಹಾಗೇ ತಿರುಗಲು ಬಿಡಿ. ಒತ್ತಿಹಿಡಿದೇ ಮೇಲೆತ್ತಿದರೆ ತಳದಲ್ಲಿ ಸುರುಳಿ ಗೀರು ಉಳಿಯುತ್ತದೆ. ಕನ್ನಡಕ, ಮಾಸ್ಕ್ ಕಡ್ಡಾಯ, ತೇಗದ ಧೂಳು ಮೂಗಿಗೂ ಚರ್ಮಕ್ಕೂ ಆಗದು. ತಿರುಗುವ ಯಂತ್ರದ ಮುಂದೆ ಕೈಗವಸು ಬೇಡ, ಸೆರಗು ದುಪ್ಪಟಗಳನ್ನು ಕಟ್ಟಿಕೊಳ್ಳಿ.

ತಳ ಉಜ್ಜಲು 33 ಮಿ.ಮೀ. ದುಂಡುಕೋಲಿನ ತುದಿಗೆ 180 ನಂಬರಿನ ಉಪ್ಪುಕಾಗದ ಅಂಟಿಸಿಕೊಂಡು ತಿರುಗಿಸಿ. ಬೆರಳಿನಿಂದ ಉಜ್ಜಿದರೆ ಮೆಟ್ಟಿಲುಗಳ ಚೂಪು ಅಂಚು ದುಂಡಗಾಗಿ ವೃತ್ತದ ಗೆರೆ ಮಸುಕಾಗುತ್ತದೆ.

ಕತ್ತರಿಸುವುದು

ವಿನ್ಯಾಸ ನಡುವಿಗೆ ಬರಬೇಕಾದರೆ ಪೆನ್ಸಿಲ್ ಗೆರೆಯನ್ನು ನಂಬಬೇಡಿ, ಕೊರೆದ ತೂತನ್ನೇ ನಂಬಿ. ಒಂದು ಅಡಿಹಲಗೆಯ ಮೇಲೆ 20 ಮಿ.ಮೀ. ದುಂಡುಕೋಲಿನ ಮೊಟಕು ಗೂಟ ನಿಲ್ಲಿಸಿ, ಗೂಟದ ನಡುವಿನಿಂದ ಗರಗಸದ ಅಲಗಿನ ಒಳಬದಿಗೆ 41 ಮಿ.ಮೀ. ಇರುವಂತೆ ಹಲಗೆಯನ್ನು ಚಾಪ್ ಸಾಗೆ (ಮೇಲಿನಿಂದ ಇಳಿಸಿ ಕೊಯ್ಯುವ ವಿದ್ಯುತ್ ಗರಗಸ) ಅಥವಾ ಕೈಗರಗಸ ನೇರ ಹೋಗಲು ಸೀಳು ಬಿಟ್ಟಿರುವ ಮೈಟರ್ ಬಾಕ್ಸಿಗೆ ಬಿಗಿಯಿರಿ. ತುಂಡನ್ನು ಮುಖ ಕೆಳಗೆ ಮಾಡಿ, ನಡುವಿನ ತೂತನ್ನು ಗೂಟಕ್ಕೆ ಸಿಕ್ಕಿಸಿ, ಗುರುತಿನ ಅಂಚನ್ನು ಆನಿಕೆಗೆ ಒತ್ತಿ ಕೊಯ್ಯಿರಿ. ಮುಂದಿನ ತೂತಿಗೆ ಸರಿಸಿ ಮತ್ತೆ ಕೊಯ್ಯಿರಿ. ಒಂದು ಬದಿ ಹೀಗಾದ ಮೇಲೆ ಬಿಡಿ ಬ್ಲಾಕುಗಳನ್ನು ಗೂಟದ ಮೇಲೆ ತಿರುಗಿಸಿಟ್ಟು ಉಳಿದ ಬದಿಯಲ್ಲಿ 41ಕ್ಕಿಂತ ಹೆಚ್ಚಿರುವುದನ್ನು ತೆಗೆದರೆ ಎರಡೂ ಕಡೆ ಸರಿಯಾಗಿ 41. ಬಿಡಿ ಬ್ಲಾಕನ್ನು ಬೆರಳಲ್ಲಿ ಹಿಡಿಯದೆ ಮೇಲಿನಿಂದ ಕ್ಲ್ಯಾಂಪ್ ಹಾಕಿ. ಅಲಗು ಪೂರ್ತಿ ನಿಂತ ಮೇಲೆಯೇ ಗರಗಸ ಮೇಲೆತ್ತಿ.

ಅಂಚು ಇಳಿಸುವುದು ಇದಾದ ಮೇಲಿನ ಕೆಲಸ. ಮುಂಭಾಗದ ನಾಲ್ಕೂ ಅಂಚನ್ನು 45 ಡಿಗ್ರಿಗೆ 4 ಮಿ.ಮೀ. ಕೀಸಿ. ಮೊದಲು ಎಳೆ ಕೊನೆಗೊಳ್ಳುವ ಎರಡು ತುದಿ, ಆಮೇಲೆ ಎಳೆಯ ಉದ್ದಕ್ಕಿರುವ ಎರಡು ಬದಿ. ತುದಿ ಕೀಸುವಾಗ ಮೂಲೆ ಚೂರು ಕಿತ್ತುಬರುವುದು ಸಹಜ, ಬದಿ ಕೀಸುವಾಗ ಆ ಗಾಯ ಹೋಗಿಬಿಡುತ್ತದೆ. ಗರಗಸದಿಂದ ಎದ್ದ ಸಿಬಿರೂ ಇದರಲ್ಲೇ ಮಾಯ.

ನಡುವಿನ ಗುಂಡಿಗೆ 20 ಮಿ.ಮೀ. ದುಂಡುಕೋಲು ಬೇಕು. ಕೋಲು ಉದ್ದವಿರುವಾಗಲೇ ತುದಿಯನ್ನು ಅರದಿಂದ, ಆಮೇಲೆ 120, 180, 320 ಉಪ್ಪುಕಾಗದದಿಂದ ಗುಮ್ಮಟದಂತೆ ದುಂಡಗೆ ಮಾಡಿ, 14 ಮಿ.ಮೀ.ಗೆ ಕೊಯ್ದು ಬೇರ್ಪಡಿಸಿ. ಮುಂದಿನದಕ್ಕೆ ಮತ್ತೆ ಅದೇ ತುದಿ. 6 ಮಿ.ಮೀ. ತೂತಿನೊಳಗೆ ಹೋಗಿ, ಗುಂಡಿಯ ತಲೆ ಬ್ಲಾಕಿನ ಮುಖಕ್ಕಿಂತ 1 ಮಿ.ಮೀ. ಮಾತ್ರ ಮುಂದಿರುತ್ತದೆ. ಗುಂಡಿಯನ್ನು ಈಗಲೇ ಅಂಟಿಸಬೇಡಿ.

ಎಂಟೆಸಳಿನ ಹೂ

ಹೂವಿಗೆ ಡ್ರಿಲ್ ಪ್ರೆಸ್ ಬೇಡ. 10–12 ಮಿ.ಮೀ.ನ ಬಾಯಿ ಬಾಗಿದ ಗೌಜ್ ಉಳಿ, 12 ಮಿ.ಮೀ. ಚಪ್ಪಟೆ ಉಳಿ, ಕೊಡತಿ, ಕೈವಾರ ಇಷ್ಟೇ. ಇಲ್ಲೂ ಕತ್ತರಿಸುವ ಮೊದಲೇ ಕೆತ್ತಿ. ಗೂಟಕ್ಕೆ ಸಿಕ್ಕಿಸಲು ತೂತಿಲ್ಲದ್ದರಿಂದ ಕತ್ತರಿಸುವ ಗೆರೆಗಳನ್ನು ಪೆನ್ಸಿಲಿನ ಬದಲು ಚಾಕುವಿನಲ್ಲಿ ಗೀರಿ.

ಚೌಕಕ್ಕೆ ಎರಡು ಕರ್ಣ, ಎರಡು ನಡುಗೆರೆ ಎಳೆದರೆ ಎಂಟು ಭಾಗವಾಯಿತು. ರಂಗೋಲಿಯ ಅಷ್ಟದಳ ಪದ್ಮ ಹಾಕಿ ಅಭ್ಯಾಸವಿದ್ದವರಿಗೆ ಇದು ಕೈಗೆ ಬಂದಿರುವ ಲೆಕ್ಕವೇ. ಕೇಂದ್ರದಿಂದ 10 ಮತ್ತು 30 ಮಿ.ಮೀ. ತ್ರಿಜ್ಯದ ಎರಡು ವೃತ್ತ ಎಳೆಯಿರಿ. ಎಸಳಿನ ಅಗಲ ಹೊರವೃತ್ತದಲ್ಲಿ 23 ಮಿ.ಮೀ. ಬರುತ್ತದೆ.

ಮೊದಲು ಎಂಟೂ ಗೆರೆಗಳ ಮೇಲೆ ಚಪ್ಪಟೆ ಉಳಿಯಿಂದ ಅತ್ತಿಂದೊಂದು ಇತ್ತಿಂದೊಂದು ಓರೆ ಏಟು ಕೊಟ್ಟು ಗಾಡಿ (V ಆಕಾರದ ಕಾಲುವೆ) ತೆಗೆಯಿರಿ, ಹೊರಗೆ 3 ಮಿ.ಮೀ. ಆಳ, ಒಳಗೆ ಬರುತ್ತಾ ಒಂದೂವರೆ. ಆಮೇಲೆ ಎಸಳಿನ ತುದಿ. ಗೌಜನ್ನು ನೆಟ್ಟಗೆ ನಿಲ್ಲಿಸಿ ಎಸಳಿಗೆ ಎರಡು ಏಟು, ಎರಡೂ ಕಮಾನು ನಡುವಿನಲ್ಲಿ ಕೂಡುವಂತೆ. ಎರಡು ಎಸಳಿನ ನಡುವೆ ಹೊರಗಡೆ ಉಳಿಯುವ ಮುಕ್ಕೋನವನ್ನು 3 ಮಿ.ಮೀ. ಆಳಕ್ಕೆ ಚಕ್ಕೆ ಎಬ್ಬಿಸಿ. ಕೊನೆಗೆ ಪ್ರತಿ ಎಸಳಿನ ಹೊಟ್ಟೆಯನ್ನು ಗೌಜಿನಿಂದ ತೆಳುವಾಗಿ ತೋಡಿ. ನಡುವಿನ 20 ಮಿ.ಮೀ. ವೃತ್ತ ಹಾಗೇ ಉಳಿಯಲಿ, ಅಂಚು ಮಾತ್ರ ದುಂಡಗಾಗಲಿ.

ಹೊಸಬರ ಕೈಯಲ್ಲಿ ಎಸಳು ಸೀಳುವುದು ಈ ಹೊಟ್ಟೆ ತೋಡುವಾಗಲೇ. ಉಳಿ ಎಳೆಯ ಜೊತೆ ಇಳಿಯುತ್ತಿದ್ದರೆ ಚಕ್ಕೆ ಸುರುಳಿಯಾಗಿ ಬರುತ್ತದೆ, ಮೈ ಹೊಳೆಯುತ್ತದೆ. ಎಳೆಗೆ ಎದುರಾದರೆ ಉಳಿ ತನ್ನಷ್ಟಕ್ಕೆ ಕೆಳಗೆ ನುಗ್ಗಿ ಮರವನ್ನು ಸೀಳಿಕೊಂಡು ಹೋಗುತ್ತದೆ. ಒಂದೇ ಎಸಳಿನ ಎಡ ಅರ್ಧಕ್ಕೆ ಒಂದು ದಿಕ್ಕು, ಬಲ ಅರ್ಧಕ್ಕೆ ಇನ್ನೊಂದು ದಿಕ್ಕು ಬೇಕಾಗುವುದುಂಟು. ಚಕ್ಕೆ ಪುಡಿಪುಡಿಯಾಗಿ, ಮೈ ಒರಟಾಗಿ ಬಂದ ತಕ್ಷಣ ನಿಲ್ಲಿಸಿ ಎದುರು ಬದಿಯಿಂದ ಬನ್ನಿ. ಕೊಡತಿಯನ್ನು ನೆಟ್ಟಗಿನ ಏಟಿಗೆ ಮಾತ್ರ ಬಳಸಿ, ತೋಡುವುದೆಲ್ಲ ಕೈಯ ಒತ್ತಿನಿಂದ. ಹಿಂದಿನ ಕೈ ನೂಕಬೇಕು, ಮುಂದಿನ ಕೈ ತಡೆಯಬೇಕು, ಎರಡೂ ಕೈ ಬಾಯಿಯ ಹಿಂದೆಯೇ ಇರಬೇಕು. ಉಳಿ ಚೆನ್ನಾಗಿ ಮಸೆದಿದ್ದರೆ ಎಸಳಿಗೆ ಉಪ್ಪುಕಾಗದ ಮುಟ್ಟಿಸುವ ಅಗತ್ಯವೇ ಇಲ್ಲ. ಉಳಿಯ ಮೈ ಉಪ್ಪುಕಾಗದದ ಮೈಗಿಂತ ಅಂದ.

ಪಾಲಿಶ್

ಮುಖಕ್ಕೆ 120, 180, 240. ಗೋಡೆಗೆ ಹಾಕುವ ಮೊದಲೇ ಪಾಲಿಶ್ ಮುಗಿಸಿ, ಇಲ್ಲದಿದ್ದರೆ ಸಂದಿನಲ್ಲಿ ಪಾಲಿಶ್ ನಿಂತು ಗಟ್ಟಿಯಾಗುತ್ತದೆ. 100 ಮಿ.ಲೀ. ಸ್ಪಿರಿಟ್ಟಿಗೆ 12–15 ಗ್ರಾಂ ಅರಗಿನ ಚಕ್ಕೆ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ ತೆಳುವಾಗಿ ಮೂರು ನಾಲ್ಕು ಕೈ ಹಚ್ಚಿ. ಎಳೆ ಕೊನೆಗೊಳ್ಳುವ ತುದಿಗಳು ಹೆಚ್ಚು ಕುಡಿದು ಕಪ್ಪಾಗುತ್ತವೆ, ಅಲ್ಲಿಗೆ ಎರಡು ಕೈ ಮೊದಲೇ ಹಚ್ಚಿ ಒಣಗಿಸಿಕೊಳ್ಳಿ. ಬೆನ್ನಿಗೂ ಒಂದು ಕೈ ಬೇಕು. ಮುಂದೆ ಮಾತ್ರ ಮುಚ್ಚಿ ಹಿಂದೆ ಬಿಟ್ಟರೆ ಮಳೆಗಾಲದಲ್ಲಿ ಹಿಂಬದಿ ತೇವ ಹೀರಿ ಬ್ಲಾಕ್ ಬಾಗುತ್ತದೆ.

ಕೂರಿಸುವಾಗಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಪಟ್ಟಿಯನ್ನು ಚೌಕಟ್ಟಿನ ಒಳ ಅಂಚಿನಿಂದ 6 ಮಿ.ಮೀ. ಹಿಂದೆ ಸರಿಸಿ ಹಾಕುತ್ತೀರಿ ಎಂದುಕೊಳ್ಳಿ. ಬ್ಲಾಕ್ ಪಟ್ಟಿಗಿಂತ ಮೂರೂವರೆ ಮಿ.ಮೀ. ಒಳಕ್ಕೆ ಚಾಚುವುದರಿಂದ ಬ್ಲಾಕಿನ ಹತ್ತಿರ ಉಳಿಯುವುದು ಎರಡೂವರೆ ಮಾತ್ರ. ಪಟ್ಟಿಯನ್ನು ಬರೀ 3 ಮಿ.ಮೀ. ಸರಿಸಿದ್ದರೆ ಬ್ಲಾಕಿನ ಮೂಲೆ ಬಾಗಿಲಿನ ಒಳಕ್ಕೆ ಇಣುಕಿ ಕದಕ್ಕೆ ಉಜ್ಜುತ್ತದೆ. ಹಾಗಾಗಿ 6ಕ್ಕಿಂತ ಕಡಿಮೆ ಬೇಡ.

ಒಳ ಅಳತೆ 900 ಅಗಲ, 2,100 ಎತ್ತರದ ಬಾಗಿಲಿಗೆ ಲೆಕ್ಕ ಹೀಗೆ. ಮೇಲಿನ ಅಡ್ಡಪಟ್ಟಿ: 900ಕ್ಕೆ ಎರಡು ಬದಿಯ ಎರಡೂವರೆ ಸೇರಿ 905 ಮಿ.ಮೀ. ಪಕ್ಕದ ಪಟ್ಟಿ: 2,100ಕ್ಕೆ ಎರಡೂವರೆ ಸೇರಿ 2,102.5, ಅದರಲ್ಲಿ ನೆಲದಿಂದ 2 ಮಿ.ಮೀ. ಸಂದು ಕಳೆದರೆ 2,100.5. ನೆಲದ ಸಂದು ಬಿಡಲೇಬೇಕು, ದಿನಾ ನೆಲ ಒರೆಸುವ ಮನೆಯಲ್ಲಿ ಪಟ್ಟಿಯ ತುದಿ ನೀರು ಹೀರಿ ಮೊದಲು ಕೆಡುವುದು ಅಲ್ಲೇ. ಹಳೆಯ ಚೌಕಟ್ಟು ಎರಡೂ ಕಡೆ ಒಂದೇ ಎತ್ತರ ಇರುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ.

ಕದ ಪಟ್ಟಿಯ ಕಡೆಗೇ ತೆರೆದು ಗೋಡೆಗೆ ಪೂರ್ತಿ ಒರಗುವ ಬಾಗಿಲಾದರೆ ಮುಂದೆ ಚಾಚಿದ ಬ್ಲಾಕಿಗೆ ಅದು ಬಡಿಯುತ್ತದೆ. ಅಲ್ಲಿ ನೆಲಕ್ಕೊಂದು ಸ್ಟಾಪರ್ ಹಾಕಿ.

ಮೊದಲು ಪಕ್ಕದ ಎರಡು ಪಟ್ಟಿ, ಅವುಗಳ ತಲೆಯ ಮೇಲೆ ಬ್ಲಾಕ್, ಕೊನೆಗೆ ಅಡ್ಡಪಟ್ಟಿ. ಬ್ಲಾಕಿನ ಎಳೆ ಲಂಬವಾಗಿ ನಿಲ್ಲಲಿ. ಆಗ ಕಪ್ಪಾಗಿ ಕಾಣುವ ತುದಿಗಳು ಮೇಲಕ್ಕೂ ಕೆಳಕ್ಕೂ ಹೋಗಿ, ಕಣ್ಣಿಗೆ ಬೀಳುವ ಹೊರಬದಿಯಲ್ಲಿ ಉದ್ದ ಎಳೆ ಬರುತ್ತದೆ. ಎಲ್ಲ ಬ್ಲಾಕಿಗೂ ಒಂದೇ ದಿಕ್ಕು. ಗಾರೆ ಚೌಕಟ್ಟಿಗಿಂತ ತಗ್ಗಿದ್ದರೆ ಬೆನ್ನಿಗೆ ತೆಳು ಪ್ಲೈ ಚೂರು ಕೊಡಿ, ಬಿಗಿದು ಸರಿಮಾಡಲು ಹೋದರೆ ಬ್ಲಾಕ್ ಓರೆಯಾಗಿ ಸಂದು ಬಾಯಿಬಿಡುತ್ತದೆ.

ವೃತ್ತದ ಬ್ಲಾಕಿಗೆ ಮೊಳೆಯೇ ಬೇಡ. 20 ಮಿ.ಮೀ. ತೂತಿನ ತಳದಲ್ಲಿ 5 ಮಿ.ಮೀ. ತೂತು ಕೊರೆದು, ಅದರೊಳಗಿಂದ 35 ಮಿ.ಮೀ. ಸ್ಕ್ರೂ ಹಾಕಿ. ಅದು ಚೌಕಟ್ಟಿನ ಮೇಲೆ ಬಂದರೆ ನೇರ ಮರಕ್ಕೆ, ಗೋಡೆಯ ಮೇಲೆ ಬಂದರೆ 6 ಮಿ.ಮೀ. ಪ್ಲಗ್ ಕೂರಿಸಿ. ಬಾಗಿಲ ಪಕ್ಕ ಸ್ವಿಚ್‌ಬೋರ್ಡ್ ಇರುವ ಕಡೆ ಅದರ ನೇರ ಮೇಲೆ ವೈರಿನ ಪೈಪ್ ಹೋಗಿರುತ್ತದೆ. ಆ ಬದಿಯಲ್ಲಿ ಗೋಡೆ ಕೊರೆಯದೆ ಚೌಕಟ್ಟಿಗೇ ಬಿಗಿಯಿರಿ. ಹೂವಿನ ಬ್ಲಾಕಿಗೆ 40 ಮಿ.ಮೀ.ನ ತಲೆ ಇಲ್ಲದ ಎರಡು ಮೊಳೆ, ಎಸಳಿನ ನಡುವಿನ ಗಾಡಿಯಲ್ಲಿ ಒಂದೂವರೆ ಮಿ.ಮೀ. ತೂತು ಮೊದಲೇ ಕೊರೆದು. ಮೊಳೆ ಚೌಕಟ್ಟಿನ ಮರಕ್ಕೆ ಮಾತ್ರ ಹೋಗಲಿ, ಗಾರೆಗೆ ಹೊಡೆದರೆ ಗಾರೆ ಉದುರುತ್ತದೆ.

ಪಟ್ಟಿಯ ತುದಿಗೂ ಬ್ಲಾಕಿಗೂ ನಡುವೆ ಅಂಟು ಹಾಕಬೇಡಿ, ಎರಡೂ ಬೇರೆ ಬೇರೆಯಾಗಿ ಅಲ್ಲಾಡಲಿ. ಕೊನೆಗೆ ನಡುವಿನ ಗುಂಡಿ. ತೇಗದ ಮೈಯಲ್ಲಿ ಎಣ್ಣೆ ಇರುವುದರಿಂದ ಗುಂಡಿಯ ಬದಿಯನ್ನೂ ತೂತಿನ ಒಳಬದಿಯನ್ನೂ ಥಿನ್ನರಿನಲ್ಲಿ ಒರೆಸಿ, ಫೆವಿಕಾಲಿನ ಒಂದೆರಡು ಹನಿ ಬದಿಗೆ ಮುಟ್ಟಿಸಿ ಒತ್ತಿ. ತೂತಿನ ತುಂಬ ಅಂಟು ಸುರಿದರೆ ಅದು ಮುಖದ ಮೇಲೆ ಉಕ್ಕಿ ಪಾಲಿಶ್ ಕೆಡಿಸುತ್ತದೆ. ಮುಂದೆ ಯಾವತ್ತೋ ಬ್ಲಾಕ್ ಬಿಚ್ಚಬೇಕಾದರೆ ಗುಂಡಿಯ ನಡುವೆ 3 ಮಿ.ಮೀ. ತೂತು ಕೊರೆದು, ಅದಕ್ಕೊಂದು ಸ್ಕ್ರೂ ತಿರುಪಿ ಇಕ್ಕಳದಲ್ಲಿ ಎಳೆದರೆ ಗುಂಡಿ ಕಿತ್ತುಬಂದು ಕೆಳಗಿನ ಸ್ಕ್ರೂ ಕೈಗೆ ಸಿಗುತ್ತದೆ.